ಹಲವು ಸೋರ್ಸ್ ಆರ್ಕೈವ್‌ಗಳಿಂದ ಒಂದು ಲಿನಕ್ಸ್ ಪ್ಯಾಕೇಜ್: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೋತ್ತರ ಯಾರಿಗಾಗಿ?

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿಯ ಕಾಲೇಜು ಲ್ಯಾಬ್, ಗ್ರಂಥಾಲಯ, ಮುದ್ರಣಾಲಯಗಳಲ್ಲಿ ಲಿನಕ್ಸ್ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿರುವವರು, ತಮಗೆ ಬೇಕಾದ ತಂತ್ರಾಂಶವನ್ನು ತಾವೇ ಪ್ಯಾಕೇಜ್ ಮಾಡಲು ಹೊರಟಾಗ ಕೇಳುವ ಪ್ರಶ್ನೆಗಳು ಇಲ್ಲಿವೆ. ಒಂದೇ ಟಾರ್‌ಬಾಲ್ (ಹಲವು ಕಡತಗಳನ್ನು ಒಂದಾಗಿ ಕಟ್ಟಿಟ್ಟ ಆರ್ಕೈವ್) ಇರುವ ತಂತ್ರಾಂಶದಿಂದ ಡೆಬ್ ಅಥವಾ ಆರ್‌ಪಿಎಂ (ಡೆಬಿಯನ್ ಮತ್ತು ಫೆಡೋರಾ ಬಳಗದ ಲಿನಕ್ಸ್‌ಗಳ ಪ್ಯಾಕೇಜ್ ರೂಪಗಳು) ಕಟ್ಟುವುದು ನಿಮಗೆ ಗೊತ್ತಿದೆ ಎಂದು ಭಾವಿಸಿ ಬರೆದಿದೆ; ಅದು ಗೊತ್ತಿಲ್ಲದವರು ಮೊದಲು ಚಿಕ್ಕದೊಂದು ಪ್ಯಾಕೇಜನ್ನು ಕಟ್ಟಿ ನೋಡಿ ಬಂದರೆ ಒಳ್ಳೆಯದು.

ಉದಾಹರಣೆಗೆಂದು ಒಂದು ತಂತ್ರಾಂಶವನ್ನು ಕಲ್ಪಿಸಿಕೊಳ್ಳೋಣ. ಗದಗದ ಮುದ್ರಣಾಲಯವೊಂದರಲ್ಲಿ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಅಕ್ಷರ ಗುರುತಿಸಿ, ಕರಡು ತಿದ್ದಲು ಬಳಸುವ ಈ ತಂತ್ರಾಂಶಕ್ಕೆ ‘ಕರಡು’ ಎಂದು ಹೆಸರಿಡೋಣ. ಇದರ ಮುಖ್ಯ ಕೋಡ್ ಒಂದು ಆರ್ಕೈವ್‌ನಲ್ಲಿ, ಪದಪಟ್ಟಿ ಮತ್ತು ಅಕ್ಷರಗಳ ಡೇಟಾ ಇನ್ನೊಂದರಲ್ಲಿ, ಕನ್ನಡದ ಸಹಾಯ ಪುಟಗಳು ಮತ್ತೊಂದರಲ್ಲಿ ಬರುತ್ತವೆ. ಆದೇಶಗಳು ಮತ್ತು ಕಡತಗಳ ಹೆಸರುಗಳನ್ನು ಇಲ್ಲಿ ಓದಲಿಕ್ಕೆ ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದೆ; ಕಂಪ್ಯೂಟರಿನಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.

ಒಂದೇ ತಂತ್ರಾಂಶವನ್ನು ಹಲವು ಆರ್ಕೈವ್‌ಗಳಾಗಿ ಏಕೆ ಬಿಡುಗಡೆ ಮಾಡುತ್ತಾರೆ?

ಸಾಮಾನ್ಯ ಕಾರಣ ಗಾತ್ರ. ಲಿಬ್ರೆಆಫೀಸ್ ತನ್ನ ಮುಖ್ಯ ಕೋಡ್, ಸಹಾಯ ಪುಟಗಳು, ಅನುವಾದಗಳು ಮತ್ತು ನಿಘಂಟುಗಳನ್ನು ಬೇರೆ ಬೇರೆ ಆರ್ಕೈವ್‌ಗಳಲ್ಲಿ ಕೊಡುತ್ತದೆ. ಸಹಾಯ ಪುಟಗಳು ಬೇಡವಾದವರು ಅವನ್ನು ಇಳಿಸಿಕೊಳ್ಳಬೇಕಿಲ್ಲ. ಇನ್ನು ಕೆಲವೆಡೆ ಭಾಗಗಳನ್ನು ಬರೆಯುವವರೇ ಬೇರೆ. ಜಿಸಿಸಿ ಕಂಪೈಲರನ್ನು ಕಟ್ಟಲು ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಗಣಿತದ ಲೈಬ್ರರಿಗಳು ಬೇಕು. ಅವನ್ನು ಜಿಸಿಸಿಯ ಡೈರೆಕ್ಟರಿಯೊಳಗೇ ಬಿಚ್ಚಿ ಒಟ್ಟಿಗೆ ಕಟ್ಟಲು ಅವಕಾಶವಿದೆ, ಹಾಗೆ ಇಳಿಸಿಕೊಳ್ಳಲು ಜಿಸಿಸಿಯ ಜೊತೆಗೇ ಒಂದು ಸ್ಕ್ರಿಪ್ಟ್ ಕೂಡ ಬರುತ್ತದೆ. ಮೂರನೆಯ ಕಾರಣ ಬದಲಾವಣೆಯ ವೇಗ: ಆಟಗಳಲ್ಲಿ ಕೋಡ್ ಆಗಾಗ ಬದಲಾಗುತ್ತದೆ, ಚಿತ್ರ ಮತ್ತು ಧ್ವನಿಯ ಕಡತಗಳು ಅಪರೂಪಕ್ಕೆ ಬದಲಾಗುತ್ತವೆ.

ಎಲ್ಲವನ್ನೂ ನಾನೇ ಬಿಚ್ಚಿ, ಒಂದೇ ಟಾರ್‌ಬಾಲ್ ಮಾಡಿಕೊಂಡರೆ ಏನು ತೊಂದರೆ?

ಇದು ಎಲ್ಲರೂ ಮೊದಲು ಯೋಚಿಸುವ ದಾರಿ. ಕೆಲಸವೇನೋ ಆಗುತ್ತದೆ, ಆದರೆ ಮೂಲದೊಂದಿಗಿನ ಕೊಂಡಿ ಕಳಚಿಹೋಗುತ್ತದೆ. ಮೂಲ ಅಭಿವರ್ಧಕರು ಪ್ರತಿ ಆರ್ಕೈವ್‌ಗೆ ಪ್ರಕಟಿಸಿದ ಚೆಕ್‌ಸಮ್ (ಕಡತದ ಒಳಹುರುಳಿನಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ), ಡಿಜಿಟಲ್ ಸಹಿ ಎರಡೂ ಆ ಕಡತದ ಪ್ರತಿಯೊಂದು ಬೈಟ್‌ಗೆ ಅಂಟಿಕೊಂಡಿರುತ್ತವೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಇಬ್ಬರು ರೈತರ ಮೆಣಸಿನಕಾಯಿಯನ್ನು ಒಂದೇ ರಾಶಿಗೆ ಸುರಿದ ಮೇಲೆ ಚೀಲದ ಮೇಲಿದ್ದ ಲಾಟ್ ಚೀಟಿಗೆ ಅರ್ಥ ಉಳಿಯದು. ಮೂರು ಆರ್ಕೈವ್‌ಗಳನ್ನು ಬಿಚ್ಚಿ ಒಂದು ಮಾಡಿದಾಗ ಆಗುವುದೂ ಅದೇ. ನಿಮ್ಮ ಟಾರ್‌ಬಾಲ್ ಮೂಲದಲ್ಲಿದ್ದುದೇ ಹೌದೋ ಅಲ್ಲವೋ ಎಂಬುದನ್ನು ಇನ್ನೊಬ್ಬರು ಸುಲಭವಾಗಿ ಪರೀಕ್ಷಿಸಲಾರರು, ನಿಮ್ಮ ಮಾತನ್ನು ನಂಬಬೇಕಾಗುತ್ತದೆ ಅಷ್ಟೇ.

ಎರಡನೆಯ ತೊಂದರೆ ಮುಂದಿನ ಆವೃತ್ತಿ ಬಂದಾಗ ಕಾಣಿಸುತ್ತದೆ. ಯಾವ ಕಡತ ಯಾವ ಆರ್ಕೈವ್‌ನಿಂದ ಬಂದಿತ್ತು, ಜೋಡಿಸುವಾಗ ಏನನ್ನು ಅಳಿಸಲಾಗಿತ್ತು, ಯಾವ ಹೆಸರನ್ನು ಬದಲಿಸಲಾಗಿತ್ತು ಎಂಬುದು ಕಟ್ಟಿದವರ ತಲೆಯಲ್ಲಿ ಮಾತ್ರ ಇರುತ್ತದೆ, ಮತ್ತು ಅಷ್ಟರಲ್ಲಿ ಅವರು ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋಗಿರುತ್ತಾರೆ.

ಹೊಸದಾಗಿ ಆರ್ಕೈವ್ ಮಾಡಲೇಬೇಕಾದ ಸಂದರ್ಭವೂ ಉಂಟು. ಹಂಚಲು ಅನುಮತಿಯಿಲ್ಲದ ಕಡತಗಳು ಮೂಲದಲ್ಲಿದ್ದರೆ ಅವನ್ನು ತೆಗೆಯದೆ ಗತ್ಯಂತರವಿಲ್ಲ. ಡೆಬಿಯನ್‌ನಲ್ಲಿ ಹೀಗೆ ತೆಗೆಯಬೇಕಾದ ಕಡತಗಳ ಪಟ್ಟಿಯನ್ನು ಕಾಪಿರೈಟ್ ಕಡತದ ಫೈಲ್ಸ್-ಎಕ್ಸ್‌ಕ್ಲೂಡೆಡ್ ಎಂಬ ಸಾಲಿನಲ್ಲಿ ಬರೆದರೆ, ಯೂಸ್ಕ್ಯಾನ್ (ಮೂಲದ ಹೊಸ ಆವೃತ್ತಿಯನ್ನು ಹುಡುಕಿ ಇಳಿಸುವ ಸಾಧನ) ಆರ್ಕೈವನ್ನು ತಾನೇ ಶುದ್ಧಗೊಳಿಸಿ ಕೊಡುತ್ತದೆ; ಪ್ರತಿ ಭಾಗಕ್ಕೂ ಆ ಸಾಲಿನ ಹೆಸರಿನ ಕೊನೆಗೆ ಹೈಫನ್ ಮತ್ತು ಭಾಗದ ಹೆಸರು ಸೇರಿಸಿ ಪ್ರತ್ಯೇಕ ಪಟ್ಟಿ ಕೊಡಬಹುದು. ಹೀಗೆ ಮಾಡಿದಾಗ ಆವೃತ್ತಿಯ ಕೊನೆಗೆ ಡಿಎಫ್‌ಎಸ್‌ಜಿ (ಡೆಬಿಯನ್‌ನ ಮುಕ್ತ ತಂತ್ರಾಂಶ ಮಾರ್ಗಸೂಚಿಯ ಹ್ರಸ್ವರೂಪ) ಎಂಬ ಗುರುತು ಹಾಕುವುದು ರೂಢಿ.

ಒಂದು ಪ್ಯಾಕೇಜಿನಲ್ಲಿ ಹಲವು ಆರ್ಕೈವ್ ಇಡಬೇಕೋ, ಅಥವಾ ಪ್ರತಿಯೊಂದಕ್ಕೂ ಬೇರೆ ಪ್ಯಾಕೇಜ್ ಮಾಡಬೇಕೋ?

ಈ ನಿರ್ಧಾರವನ್ನು ಮೊದಲೇ ಮಾಡಿಕೊಂಡರೆ ಉಳಿದ ಅರ್ಧ ಪ್ರಶ್ನೆಗಳು ಏಳುವುದೇ ಇಲ್ಲ. ನಾನು ನೋಡುವುದು ಒಂದೇ ಅಂಶ: ಈ ಭಾಗಗಳು ಒಂದೇ ದಿನ, ಒಂದೇ ಆವೃತ್ತಿ ಸಂಖ್ಯೆಯೊಂದಿಗೆ ಬಿಡುಗಡೆಯಾಗುತ್ತವೆಯೇ? ಹೌದಾದರೆ ಒಂದೇ ಸೋರ್ಸ್ ಪ್ಯಾಕೇಜಿನಲ್ಲಿ (ಪ್ಯಾಕೇಜ್ ಕಟ್ಟಲು ಬೇಕಾದ ಮೂಲ ಕಡತಗಳ ಗಂಟಿನಲ್ಲಿ) ಹಲವು ಆರ್ಕೈವ್‌ಗಳನ್ನು ಇಡಿ. ಒಂದು ಭಾಗ ತಿಂಗಳಿಗೊಮ್ಮೆ, ಇನ್ನೊಂದು ಎರಡು ವರ್ಷಕ್ಕೊಮ್ಮೆ ಬರುವುದಾದರೆ ಅವನ್ನು ಬೇರ್ಪಡಿಸಿ, ಒಂದು ಪ್ಯಾಕೇಜ್ ಇನ್ನೊಂದನ್ನು ಅವಲಂಬಿಸುವಂತೆ ಮಾಡಿ.

ಕನ್ನಡ ಬಳಸುವವರಿಗೆ ಹತ್ತಿರದ ಉದಾಹರಣೆ ಅಕ್ಷರ ಗುರುತಿಸುವ ಟೆಸರಾಕ್ಟ್. ಡೆಬಿಯನ್‌ನಲ್ಲಿ ಅದರ ಎಂಜಿನ್ ಒಂದು ಸೋರ್ಸ್ ಪ್ಯಾಕೇಜ್, ಭಾಷೆಗಳ ಡೇಟಾ ಟೆಸರಾಕ್ಟ್-ಲ್ಯಾಂಗ್ ಎಂಬ ಇನ್ನೊಂದು ಸೋರ್ಸ್ ಪ್ಯಾಕೇಜ್. ಕನ್ನಡದ ಡೇಟಾ ಆ ಎರಡನೆಯದರಿಂದಲೇ ಹುಟ್ಟುತ್ತದೆ. ಎಂಜಿನ್ 2021ರಲ್ಲಿ 5ನೇ ಆವೃತ್ತಿಗೆ ಹೋದಾಗಲೂ 4ನೇ ಆವೃತ್ತಿಗೆಂದು ತರಬೇತುಗೊಂಡ ಡೇಟಾ ಹಾಗೆಯೇ ಕೆಲಸ ಮಾಡಿತು. ಎರಡೂ ಒಂದೇ ಪ್ಯಾಕೇಜಿನಲ್ಲಿದ್ದಿದ್ದರೆ, ಎಂಜಿನ್‌ನಲ್ಲಿ ಒಂದು ಸಾಲು ತಿದ್ದಿದಾಗಲೆಲ್ಲ ನೂರಕ್ಕೂ ಹೆಚ್ಚು ಭಾಷೆಗಳ ಡೇಟಾವನ್ನೂ ಮತ್ತೆ ಕಟ್ಟಿ, ಮತ್ತೆ ಹಂಚಬೇಕಾಗುತ್ತಿತ್ತು. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡು ಕಂಪ್ಯೂಟರುಗಳನ್ನು ನವೀಕರಿಸುವ ಹಾವೇರಿಯ ಒಂದು ಚಿಕ್ಕ ಗ್ರಂಥಾಲಯಕ್ಕೆ ಇದು ಸಣ್ಣ ವಿಷಯವಲ್ಲ.

ಫಾಂಟ್‌ಗಳ ವಿಷಯದಲ್ಲಿ ಉತ್ತರ ಇನ್ನೂ ಸರಳ. ನಿಮ್ಮ ತಂತ್ರಾಂಶಕ್ಕೆ ಲೋಹಿತ್ ಕನ್ನಡ ಫಾಂಟ್ ಬೇಕೆಂದಾದರೆ ಅದರ ಆರ್ಕೈವನ್ನು ಒಳಗೆ ತುಂಬಬೇಡಿ. ಅದು ಈಗಾಗಲೇ ಪ್ಯಾಕೇಜ್ ಆಗಿದೆ, ಅದನ್ನು ಅವಲಂಬನೆಯ ಪಟ್ಟಿಗೆ ಸೇರಿಸಿದರೆ ಸಾಕು.

ಡೆಬಿಯನ್ ಮತ್ತು ಉಬುಂಟುವಿನಲ್ಲಿ ಹಲವು ಆರ್ಕೈವ್‌ಗಳನ್ನು ಹೇಗೆ ಜೋಡಿಸುವುದು?

ಹಳೆಯ 1.0 ಮಾದರಿಯ ಸೋರ್ಸ್ ಪ್ಯಾಕೇಜಿನಲ್ಲಿ ಒಂದೇ ಮೂಲ ಆರ್ಕೈವ್‌ಗೆ ಜಾಗ, ಅದೂ ಜಿಝಿಪ್ ಆಗಿರಬೇಕು. ಆದ್ದರಿಂದ ಡೆಬಿಯನ್ ಡೈರೆಕ್ಟರಿಯೊಳಗಿನ ಸೋರ್ಸ್ ಡೈರೆಕ್ಟರಿಯ ಫಾರ್ಮ್ಯಾಟ್ ಎಂಬ ಕಡತದಲ್ಲಿ ‘3.0 (ಕ್ವಿಲ್ಟ್)’ ಎಂದು ಬರೆದಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಬಳಿಕ ಎಲ್ಲವೂ ಕಡತದ ಹೆಸರಿನ ಮೇಲೆ ನಿಂತಿದೆ. ಮುಖ್ಯ ಆರ್ಕೈವ್ ‘ಕರಡು_2.1.ಒರಿಗ್.ಟಾರ್.ಎಕ್ಸ್‌ಝಡ್’ ಎಂದಿರಬೇಕು, ಉಳಿದ ಎರಡು ‘ಕರಡು_2.1.ಒರಿಗ್-ಡೇಟಾ.ಟಾರ್.ಎಕ್ಸ್‌ಝಡ್’ ಮತ್ತು ‘ಕರಡು_2.1.ಒರಿಗ್-ಹೆಲ್ಪ್.ಟಾರ್.ಎಕ್ಸ್‌ಝಡ್’ ಎಂದಿರಬೇಕು. ಒರಿಗ್ ಎಂಬುದರ ಮುಂದಿನ ಹೈಫನ್ ಬಳಿಕ ಬರುವುದೇ ಭಾಗದ ಹೆಸರು. ಅದರಲ್ಲಿ ರೋಮನ್ ಅಕ್ಷರ, ಅಂಕಿ ಮತ್ತು ಹೈಫನ್ ಮಾತ್ರ ಇರಬಹುದು. ಚುಕ್ಕೆ, ಕೆಳಗೆರೆ, ಓರೆಗೆರೆ ಸಲ್ಲವು. ಸೋರ್ಸ್ ಪ್ಯಾಕೇಜನ್ನು ಕಟ್ಟುವ, ಬಿಚ್ಚುವ ಸಾಧನವಾದ ಡಿಪಿಕೆಜಿ-ಸೋರ್ಸ್ ಮೊದಲು ಮುಖ್ಯ ಆರ್ಕೈವನ್ನು ಬಿಚ್ಚಿ, ಅನಂತರ ಪ್ರತಿ ಭಾಗವನ್ನೂ ಅದೇ ಹೆಸರಿನ ಉಪಡೈರೆಕ್ಟರಿಯಲ್ಲಿ ಬಿಚ್ಚುತ್ತದೆ, ಕೊನೆಗೆ ಡೆಬಿಯನ್ ಡೈರೆಕ್ಟರಿಯನ್ನು ಸೇರಿಸುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ಮುಖ್ಯ ಆರ್ಕೈವ್‌ನಲ್ಲಿ ಡೇಟಾ ಎಂಬ ಡೈರೆಕ್ಟರಿ ಮೊದಲೇ ಇದ್ದರೆ, ಡೇಟಾ ಭಾಗವನ್ನು ಬಿಚ್ಚುವಾಗ ಹಳೆಯದು ಪೂರ್ತಿ ಅಳಿಸಿಹೋಗಿ ಹೊಸದು ಅದರ ಜಾಗದಲ್ಲಿ ಕೂರುತ್ತದೆ, ಎರಡೂ ಬೆರೆಯುವುದಿಲ್ಲ. ಆ ಡೈರೆಕ್ಟರಿ ಖಾಲಿಯಿದ್ದರೆ ಇದು ಅನುಕೂಲವೇ. ಅದರಲ್ಲಿ ಬೇಕಾದ ಕಡತಗಳಿದ್ದರೆ ಭಾಗಕ್ಕೆ ಬೇರೆ ಹೆಸರು ಕೊಡಿ.

ನನ್ನ ಭಾಗವು ಉಪಡೈರೆಕ್ಟರಿಯೊಳಗಿನ ಉಪಡೈರೆಕ್ಟರಿಯಲ್ಲಿ ಕೂರಬೇಕು. ಆಗ?

ಭಾಗದ ಹೆಸರಿನಲ್ಲಿ ಓರೆಗೆರೆ ಇರಲಾರದ ಕಾರಣ ನೇರವಾಗಿ ಅಲ್ಲಿಗೆ ಬಿಚ್ಚಲಾಗದು. ಮೊದಲ ಹಂತದಲ್ಲಿಯೇ ಬಿಚ್ಚಿಕೊಂಡು, ಕಟ್ಟುವ ಹಂತಗಳನ್ನು ಬರೆದಿಡುವ ರೂಲ್ಸ್ ಕಡತದಲ್ಲಿ ಕಾನ್ಫಿಗರ್ ಹಂತಕ್ಕೆ ಮೊದಲು ಸಾಂಕೇತಿಕ ಕೊಂಡಿ ಹಾಕಿ, ಕ್ಲೀನ್ ಹಂತದಲ್ಲಿ ಅದನ್ನು ತೆಗೆದುಬಿಡಿ. ಡೈರೆಕ್ಟರಿಯ ದಾರಿಯನ್ನು ಬದಲಿಸುವ ಆಯ್ಕೆಯೊಂದು ಮೂಲ ತಂತ್ರಾಂಶದ ಕಾನ್ಫಿಗರ್‌ನಲ್ಲಿಯೇ ಇದ್ದರೆ ಇನ್ನೂ ಚೆನ್ನ.

‘ದ್ವಿಮಾನ ಕಡತದ ಬದಲಾವಣೆಯನ್ನು ತೋರಿಸಲಾಗದು’ ಎಂಬರ್ಥದ ದೋಷ ಬಂದು ಡಿಪಿಕೆಜಿ-ಸೋರ್ಸ್ ನಿಂತುಬಿಡುತ್ತದೆ. ಏಕೆ?

ಹೆಚ್ಚಿನ ಸಂದರ್ಭಗಳಲ್ಲಿ ಭಾಗದ ಆರ್ಕೈವ್ ಇರಬೇಕಾದ ಜಾಗದಲ್ಲಿ ಅಥವಾ ಇರಬೇಕಾದ ಹೆಸರಿನಲ್ಲಿ ಇರುವುದಿಲ್ಲ. ಕೆಲಸದ ಡೈರೆಕ್ಟರಿಯಲ್ಲಿ ಡೇಟಾ ಎಂಬ ಉಪಡೈರೆಕ್ಟರಿ ಇದೆ, ಅದರಲ್ಲಿ ಅಕ್ಷರ ಮಾದರಿಯ ದೊಡ್ಡ ಕಡತವಿದೆ. ಆದರೆ ಒಂದು ಹಂತ ಮೇಲಿನ ಡೈರೆಕ್ಟರಿಯಲ್ಲಿ ಆರ್ಕೈವ್‌ನ ಹೆಸರು ಇನ್ನೂ 2.0 ಎಂದೇ ಉಳಿದಿದೆ. ಚೇಂಜ್‌ಲಾಗ್‌ನಲ್ಲಿ 2.1 ಎಂದಿರುವುದರಿಂದ ಡಿಪಿಕೆಜಿ-ಸೋರ್ಸ್ ಆ ಹಳೆಯ ಆರ್ಕೈವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದರ ಕಣ್ಣಿಗೆ ಡೇಟಾ ಡೈರೆಕ್ಟರಿಯಲ್ಲಿರುವುದೆಲ್ಲ ನೀವು ಹೊಸದಾಗಿ ಸೇರಿಸಿದ ಕಡತಗಳು. ಪಠ್ಯ ಕಡತಗಳಾದರೆ ಅವನ್ನು ಪ್ಯಾಚ್ ರೂಪದಲ್ಲಿ ಹಿಡಿಯಲು ನೋಡುತ್ತದೆ. ದ್ವಿಮಾನ ಕಡತವನ್ನು ಪ್ಯಾಚ್‌ನಲ್ಲಿ ಬರೆಯಲಾಗದ ಕಾರಣ ಅಲ್ಲಿಗೆ ನಿಲ್ಲುತ್ತದೆ.

ಆಗ ದೋಷ ಸಂದೇಶವೇ ಸೂಚಿಸುವಂತೆ ಆ ಕಡತವನ್ನು ಇನ್‌ಕ್ಲೂಡ್-ಬೈನರೀಸ್ ಪಟ್ಟಿಗೆ ಸೇರಿಸಿ ಮುಂದೆ ಹೋಗುವವರೇ ಹೆಚ್ಚು. ದೋಷ ಮಾಯವಾಗುತ್ತದೆ ನಿಜ, ಆದರೆ ಮೂಲ ಆರ್ಕೈವ್‌ನಲ್ಲಿರಬೇಕಾದ ಡೇಟಾ ನಿಮ್ಮ ಸ್ವಂತ ಬದಲಾವಣೆಗಳ ಗಂಟಿನೊಳಗೆ ಸೇರಿಕೊಳ್ಳುತ್ತದೆ. ಹಾಗೆ ಮಾಡುವ ಮೊದಲು ಮೇಲಿನ ಡೈರೆಕ್ಟರಿಯಲ್ಲಿರುವ ಹೆಸರುಗಳನ್ನು ಅಕ್ಷರ ಅಕ್ಷರ ಓದಿ. ಆರ್ಕೈವ್ ಇದ್ದು ಕೆಲಸದ ಡೈರೆಕ್ಟರಿಯಲ್ಲಿ ಉಪಡೈರೆಕ್ಟರಿ ಇಲ್ಲದಿದ್ದರೆ ಸ್ಥಿತಿ ತಿರುಗುಮುರುಗಾಗುತ್ತದೆ: ಅಳಿಸಿದ್ದನ್ನು ಕಡೆಗಣಿಸಲಾಗಿದೆ ಎಂಬ ಎಚ್ಚರಿಕೆಗಳು ಸಾಲುಸಾಲಾಗಿ ಬರುತ್ತವೆ, ಬಿಲ್ಡ್ ಮಾತ್ರ ಮುಂದುವರಿಯುತ್ತದೆ. ಎಚ್ಚರಿಕೆಗಳನ್ನು ಓದದೆ ಬಿಡುವ ಅಭ್ಯಾಸವಿದ್ದವರಿಗೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಫೆಡೋರಾ ಮತ್ತು ಇತರ ಆರ್‌ಪಿಎಂ ವ್ಯವಸ್ಥೆಗಳಲ್ಲಿ?

ಆರ್‌ಪಿಎಂನಲ್ಲಿ ಹಲವು ಆರ್ಕೈವ್‌ಗಳಿಗೆ ಮೊದಲಿನಿಂದಲೂ ಜಾಗವಿದೆ. ಪ್ಯಾಕೇಜ್ ಕಟ್ಟುವ ಬಗೆಯನ್ನು ಬರೆದಿಡುವ ಸ್ಪೆಕ್ ಕಡತದಲ್ಲಿ ಸೋರ್ಸ್0, ಸೋರ್ಸ್1, ಸೋರ್ಸ್2 ಎಂದು ಒಂದೊಂದಕ್ಕೂ ಪೂರ್ಣ ವಿಳಾಸ ಬರೆಯಬಹುದು. ಸ್ಪೆಕ್‌ಟೂಲ್ ಅವನ್ನು ಇಳಿಸಿಕೊಡುತ್ತದೆ. ಗೊಂದಲವೆಲ್ಲ ಸ್ಪೆಕ್‌ನ ಪ್ರೆಪ್ ವಿಭಾಗದಲ್ಲಿ (ಕಟ್ಟುವ ಮುಂಚಿನ ತಯಾರಿ) ಬರುವ ಸೆಟಪ್ ಎಂಬ ಮ್ಯಾಕ್ರೋದಲ್ಲಿ.

ಸೆಟಪ್ ತಾನಾಗಿಯೇ ಸೋರ್ಸ್0 ಅನ್ನು ಬಿಚ್ಚಿ ಅದರ ಡೈರೆಕ್ಟರಿಯೊಳಗೆ ಹೋಗುತ್ತದೆ. ಚಿಕ್ಕಕ್ಷರದ ‘-ಎ 1’ ಎಂದು ಕೊಟ್ಟರೆ ಒಳಗೆ ಹೋದ ಮೇಲೆ ಸೋರ್ಸ್1 ಅನ್ನು ಬಿಚ್ಚುತ್ತದೆ, ಅಂದರೆ ಅದು ಮುಖ್ಯ ಕೋಡ್‌ನ ಒಳಗೆ ಕೂರುತ್ತದೆ. ‘-ಬಿ 1’ ಎಂದರೆ ಒಳಗೆ ಹೋಗುವ ಮೊದಲೇ ಬಿಚ್ಚುತ್ತದೆ, ಅಂದರೆ ಅದು ಮುಖ್ಯ ಡೈರೆಕ್ಟರಿಯ ಪಕ್ಕದಲ್ಲಿ ಕೂರುತ್ತದೆ. ಕರಡು ತಂತ್ರಾಂಶದ ಡೇಟಾ ಒಳಗಿರಬೇಕಾದುದರಿಂದ ಮೊದಲನೆಯದು ಸರಿ. ಸೆಟಪ್‌ನ ಒಂದೇ ಸಾಲಿನಲ್ಲಿ ‘-ಎ 1 -ಎ 2’ ಎಂದರೆ ಕೆಲಸ ಮುಗಿಯಿತು.

ಸೆಟಪ್ ಅನ್ನು ಎರಡನೆಯ ಬಾರಿ ಬರೆಯುವಾಗ ಮಾತ್ರ ದೊಡ್ಡಕ್ಷರದ ‘-ಟಿ’ ಮತ್ತು ‘-ಡಿ’ ಎರಡನ್ನೂ ಮರೆಯಬಾರದು. ‘-ಟಿ’ ಇಲ್ಲದಿದ್ದರೆ ಸೋರ್ಸ್0 ಮತ್ತೊಮ್ಮೆ ಬಿಚ್ಚಿಕೊಳ್ಳುತ್ತದೆ. ‘-ಡಿ’ ಇಲ್ಲದಿದ್ದರೆ ಬಿಚ್ಚುವ ಮೊದಲು ಡೈರೆಕ್ಟರಿಯನ್ನು ಅಳಿಸುವ ಸೆಟಪ್‌ನ ಸಹಜ ನಡವಳಿಕೆಯಿಂದಾಗಿ, ಮೊದಲ ಸಾಲಿನಲ್ಲಿ ಬಿಚ್ಚಿದ್ದೆಲ್ಲ ಹೋಗುತ್ತದೆ. ಆರ್‌ಪಿಎಂಬಿಲ್ಡ್‌ಗೆ ‘-ಬಿಪಿ’ ಕೊಟ್ಟು ಪ್ರೆಪ್ ಹಂತದವರೆಗೆ ಮಾತ್ರ ಓಡಿಸಿ, ಬಿಲ್ಡ್ ಡೈರೆಕ್ಟರಿಯನ್ನು ಕಣ್ಣಾರೆ ನೋಡುವುದು ನನಗೆ ಗೊತ್ತಿರುವ ಅತ್ಯಂತ ಅಗ್ಗದ ಪರೀಕ್ಷೆ. ಆರ್ಕೈವ್ ಅಲ್ಲದ ಬಿಡಿ ಕಡತಗಳನ್ನು, ಉದಾಹರಣೆಗೆ ಮೆನುವಿನ ಡೆಸ್ಕ್‌ಟಾಪ್ ಕಡತವನ್ನು, ಸೆಟಪ್‌ಗೆ ಕೊಡಬೇಕಿಲ್ಲ. ಇನ್‌ಸ್ಟಾಲ್ ಹಂತದಲ್ಲಿ ನೇರವಾಗಿ ನಕಲು ಮಾಡಿದರಾಯಿತು.

ಆರ್ಚ್ ಲಿನಕ್ಸ್?

ಅಲ್ಲಿ ಇದು ಪ್ರಶ್ನೆಯೇ ಅಲ್ಲ. ಪಿಕೆಜಿಬಿಲ್ಡ್ ಕಡತದ ಸೋರ್ಸ್ ಪಟ್ಟಿಯಲ್ಲಿ ಎಷ್ಟು ವಿಳಾಸಗಳನ್ನಾದರೂ ಕೊಡಿ, ಅದೇ ಕ್ರಮದಲ್ಲಿ ಚೆಕ್‌ಸಮ್‌ಗಳನ್ನು ಕೊಡಿ. ಎಲ್ಲವೂ ಒಂದೇ ಡೈರೆಕ್ಟರಿಯಲ್ಲಿ ಪಕ್ಕಪಕ್ಕ ಬಿಚ್ಚಿಕೊಳ್ಳುತ್ತವೆ. ಒಳಗೆ ಸರಿಸುವ ಕೆಲಸವನ್ನು ಪ್ರಿಪೇರ್ ಎಂಬ ಫಂಕ್ಷನ್‌ನಲ್ಲಿ ನೀವೇ ಮಾಡಬೇಕು.

ಭಾಗಗಳ ಆವೃತ್ತಿ ಸಂಖ್ಯೆಗಳು ಬೇರೆ ಬೇರೆ ಇವೆ. ಪ್ಯಾಕೇಜಿಗೆ ಯಾವುದನ್ನು ಕೊಡಲಿ?

ಮುಖ್ಯ ಕೋಡ್‌ನ ಆವೃತ್ತಿಯೇ ಪ್ಯಾಕೇಜಿನ ಆವೃತ್ತಿ. ಡೆಬಿಯನ್‌ನಲ್ಲಿ ಎಲ್ಲ ಭಾಗಗಳ ಕಡತದ ಹೆಸರಿನಲ್ಲಿಯೂ ಅದೇ ಸಂಖ್ಯೆ ಇರಬೇಕಾದ್ದರಿಂದ, 7ನೇ ಆವೃತ್ತಿಯ ಡೇಟಾ ಕೂಡ ಹೆಸರಿನಲ್ಲಿ 2.1 ಎಂದೇ ಕಾಣಿಸುತ್ತದೆ. ಇದು ನೋಡುವವರನ್ನು ದಾರಿ ತಪ್ಪಿಸಬಾರದು ಎಂದಾದರೆ ನಿಜವಾದ ಸಂಖ್ಯೆಯನ್ನು ರೀಡ್‌ಮಿ.ಸೋರ್ಸ್ ಕಡತದಲ್ಲಿ ಬರೆದಿಡಿ. ಹೊಸ ಆವೃತ್ತಿಯನ್ನು ಎಲ್ಲಿ ಹುಡುಕಬೇಕೆಂದು ಯೂಸ್ಕ್ಯಾನ್‌ಗೆ ಹೇಳುವ ವಾಚ್ ಕಡತದಲ್ಲಿ ಪ್ರತಿ ಭಾಗಕ್ಕೂ ಒಂದು ಸಾಲು ಬರೆದು, ಆವೃತ್ತಿಯ ಜಾಗದಲ್ಲಿ ‘ಸೇಮ್’ ಎಂದು ಕೊಟ್ಟರೆ ಮುಖ್ಯ ಆರ್ಕೈವ್‌ನ ಆವೃತ್ತಿಗೇ ಹೊಂದುವ ಭಾಗವನ್ನು ಯೂಸ್ಕ್ಯಾನ್ ಹುಡುಕುತ್ತದೆ. ‘ಗ್ರೂಪ್’ ಎಂದು ಕೊಟ್ಟರೆ ಎಲ್ಲ ಭಾಗಗಳ ಸಂಖ್ಯೆಗಳನ್ನು ಕೂಡಿಸಿದ ಉದ್ದದ ಆವೃತ್ತಿಯೊಂದನ್ನು ಕಟ್ಟುತ್ತದೆ. ನೋಡಲು ಅಂದವಾಗಿಲ್ಲದಿದ್ದರೂ ಒಂದು ಭಾಗ ಮಾತ್ರ ಬದಲಾದಾಗ ಪ್ಯಾಕೇಜಿನ ಆವೃತ್ತಿಯೂ ಬದಲಾಗುವುದು ಎರಡನೆಯದರ ಲಾಭ. ಏಕೆಂದರೆ ಒಮ್ಮೆ ಪ್ರಕಟಿಸಿದ ಆರ್ಕೈವ್‌ನ ಹೆಸರನ್ನು ಬೇರೆ ಒಳಹುರುಳಿಗೆ ಮತ್ತೆ ಬಳಸುವಂತಿಲ್ಲ.

ಆರ್‌ಪಿಎಂನಲ್ಲಿ ಡೇಟಾದ ಆವೃತ್ತಿಗೆಂದು ಸ್ಪೆಕ್‌ನ ತಲೆಯಲ್ಲಿ ಒಂದು ಮ್ಯಾಕ್ರೋ ಮಾಡಿ, ಅದನ್ನೇ ಸೋರ್ಸ್1ರ ವಿಳಾಸದಲ್ಲಿ ಬಳಸಿ. ಬೇರೆಯವರ ಲೈಬ್ರರಿಯನ್ನು ಒಳಗೆ ಸೇರಿಸಿದ್ದರೆ ಫೆಡೋರಾದ ನಿಯಮದಂತೆ ‘ಪ್ರೊವೈಡ್ಸ್: ಬಂಡಲ್ಡ್’ ಎಂಬ ಸಾಲಿನಲ್ಲಿ ಅದರ ಹೆಸರು ಮತ್ತು ಆವೃತ್ತಿಯನ್ನು ಘೋಷಿಸಬೇಕು, ಆ ಲೈಬ್ರರಿಯಲ್ಲಿ ಭದ್ರತಾ ದೋಷ ಕಂಡಾಗ ಅದು ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಲು ಆ ಸಾಲೇ ಆಧಾರ.

ಗಿಟ್‌ಹಬ್‌ನಿಂದ ಇಳಿಸಿದ ಟಾರ್‌ಬಾಲ್‌ನಲ್ಲಿ ಕೆಲವು ಡೈರೆಕ್ಟರಿಗಳು ಖಾಲಿಯಿವೆ. ಆರ್ಕೈವ್ ಹಾಳಾಗಿದೆಯೇ?

ಹಾಳಾಗಿಲ್ಲ. ಅವು ಗಿಟ್ ಸಬ್‌ಮಾಡ್ಯೂಲ್‌ಗಳು, ಅಂದರೆ ಮುಖ್ಯ ಕೋಡ್‌ನೊಳಗೆ ಕೊಂಡಿಯಾಗಿ ಮಾತ್ರ ಸೇರಿಸಿದ ಬೇರೆ ಗಿಟ್ ಭಂಡಾರಗಳು. ಗಿಟ್‌ಹಬ್ ತಾನಾಗಿ ತಯಾರಿಸುವ ಆರ್ಕೈವ್‌ನಲ್ಲಿ ಸಬ್‌ಮಾಡ್ಯೂಲ್‌ನ ಒಳಹುರುಳು ಬರುವುದಿಲ್ಲ. ಅಭಿವರ್ಧಕರು ಕೈಯಾರೆ ಏರಿಸಿದ ಬಿಡುಗಡೆಯ ಟಾರ್‌ಬಾಲ್ ಇದ್ದರೆ ಮೊದಲು ಅದನ್ನು ನೋಡಿ; ಇಲ್ಲವಾದರೆ ಮುಖ್ಯ ಗಿಟ್‌ನಲ್ಲಿ ದಾಖಲಾದ ಕಮಿಟ್ (ಸಬ್‌ಮಾಡ್ಯೂಲ್‌ನ ಕೋಡ್‌ನ ನಿರ್ದಿಷ್ಟ ಸ್ಥಿತಿ) ಯಾವುದೆಂದು ತಿಳಿದು, ಸರಿಯಾಗಿ ಅದೇ ಕಮಿಟ್‌ನ ಆರ್ಕೈವನ್ನು ಇನ್ನೊಂದು ಭಾಗವಾಗಿ ಸೇರಿಸಿ. ಸಬ್‌ಮಾಡ್ಯೂಲ್‌ನ ಇತ್ತೀಚಿನ ಆವೃತ್ತಿಯನ್ನು ತಂದು ಹಾಕಿದರೆ ಅಭಿವರ್ಧಕರು ಎಂದೂ ಪರೀಕ್ಷಿಸದ ಜೋಡಿಯೊಂದನ್ನು ನೀವು ಹಂಚಿದಂತಾಗುತ್ತದೆ.

ಈ ತಾನಾಗಿ ತಯಾರಾಗುವ ಆರ್ಕೈವ್‌ಗಳ ಚೆಕ್‌ಸಮ್ ಮೇಲೆ ಪೂರ್ತಿ ಭರವಸೆ ಇಡುವುದೂ ಸರಿಯಲ್ಲ. 2023ರ ಜನವರಿ ಕೊನೆಯಲ್ಲಿ ಗಿಟ್‌ಹಬ್ ತನ್ನಲ್ಲಿನ ಗಿಟ್ ಅನ್ನು ನವೀಕರಿಸಿದಾಗ, ಸಂಕುಚಿತಗೊಳಿಸುವ ವಿಧಾನ ಬದಲಾಗಿ, ಒಳಗಿನ ಕಡತಗಳು ಅವೇ ಆಗಿದ್ದರೂ ಆರ್ಕೈವ್‌ಗಳ ಚೆಕ್‌ಸಮ್ ಬದಲಾಯಿತು. ಹಲವಾರು ಯೋಜನೆಗಳ ಬಿಲ್ಡ್‌ಗಳು ನಿಂತುಹೋದವು, ಬಳಿಕ ಆ ಬದಲಾವಣೆಯನ್ನು ಹಿಂತೆಗೆದುಕೊಳ್ಳಲಾಯಿತು. ಇಳಿಸಿದ ಆರ್ಕೈವ್‌ನ ಒಂದು ಪ್ರತಿಯನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಿ. ಗಿಟ್‌ನಿಂದ ನೀವೇ ಆರ್ಕೈವ್ ಮಾಡುವುದಾದರೆ ಟಾರ್‌ಗೆ ಕಡತಗಳ ಕ್ರಮ, ಸಮಯ, ಮಾಲೀಕರ ಸಂಖ್ಯೆ ಮೂರನ್ನೂ ನಿಗದಿಪಡಿಸಿ ಕೊಡಿ. ಆಗ ಮಾತ್ರ ಬೇರೆಯವರು ಮಾಡಿದರೂ ಅದೇ ಆರ್ಕೈವ್ ಹುಟ್ಟುವ ಭರವಸೆ ಇರುತ್ತದೆ.

ಬಿಲ್ಡ್ ನಡೆಯುವಾಗಲೇ ಉಳಿದ ಆರ್ಕೈವ್‌ಗಳನ್ನು ಇಳಿಸಿಕೊಳ್ಳುವಂತೆ ಬರೆದರೆ ಆಗದೇ?

ಆಗದು. ಬಿಲ್ಡ್ ಸಮಯದಲ್ಲಿ ಇಂಟರ್‌ನೆಟ್ ಬಳಸುವುದನ್ನು ಡೆಬಿಯನ್ ನೀತಿ ನಿಷೇಧಿಸುತ್ತದೆ. ಫೆಡೋರಾದ ಬಿಲ್ಡ್ ವ್ಯವಸ್ಥೆಯಲ್ಲಿ ಆ ಸಂಪರ್ಕವೇ ಇರುವುದಿಲ್ಲ. ನಿಯಮವನ್ನು ಬದಿಗಿಟ್ಟರೂ, ಸಂಪರ್ಕ ಕಡಿದ ದಿನ ಕಟ್ಟಲಾಗದ ಪ್ಯಾಕೇಜ್ ಯಾರಿಗೂ ಬೇಡ. ರಸ್ಟ್ ಮತ್ತು ಗೋ ಭಾಷೆಗಳಲ್ಲಿ ಈ ತೊಂದರೆ ದಿನನಿತ್ಯದ್ದು, ಅಲ್ಲಿ ಅವಲಂಬನೆಗಳು ನೂರಾರು. ಕಾರ್ಗೊ ವೆಂಡರ್ ಅಥವಾ ಗೋ ಮಾಡ್ ವೆಂಡರ್ ಎಂಬ ಆದೇಶದಿಂದ ಎಲ್ಲವನ್ನೂ ಒಂದು ಡೈರೆಕ್ಟರಿಗೆ ಇಳಿಸಿ, ಅದನ್ನು ವೆಂಡರ್ ಎಂಬ ಎರಡನೆಯ ಆರ್ಕೈವ್ ಮಾಡಿ ಸೇರಿಸುವುದು ರೂಢಿಯಲ್ಲಿದೆ. ನಿಮ್ಮ ಲ್ಯಾಬ್‌ಗೆ ಮಾತ್ರ ಬೇಕಾದ ಪ್ಯಾಕೇಜಿಗೆ ಇದು ಸಾಕು. ಡೆಬಿಯನ್‌ಗೇ ಸೇರಿಸುವ ಇರಾದೆಯಿದ್ದರೆ ಅವಲಂಬನೆಗಳನ್ನು ಬಿಡಿಬಿಡಿಯಾಗಿ ಪ್ಯಾಕೇಜ್ ಮಾಡುವ ದೀರ್ಘ ದಾರಿಯನ್ನೇ ಹಿಡಿಯಬೇಕಾದೀತು.

ಟಾರ್‌ಬಾಲ್‌ಗೆ ಸಹಿ ಇದ್ದರೆ ಅದನ್ನು ಪೂರ್ತಿ ನಂಬಬಹುದೇ?

ಅದು ಯಾರಿಂದ ಬಂದಿದೆ ಎಂಬುದನ್ನಷ್ಟೇ ಸಹಿ ಹೇಳುತ್ತದೆ. 2024ರ ಮಾರ್ಚ್ 29ರಂದು ಬಯಲಾದ, ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದ ಪ್ರಕರಣವನ್ನು ನೆನಪಿಸಿಕೊಳ್ಳಿ: 5.6.0 ಮತ್ತು 5.6.1ರ ಬಿಡುಗಡೆಯ ಟಾರ್‌ಬಾಲ್‌ಗಳಲ್ಲಿ, ಗಿಟ್‌ನಲ್ಲಿ ಇರದಿದ್ದ ಒಂದು ಎಂ4 ಸ್ಕ್ರಿಪ್ಟ್ ಬಿಲ್ಡ್ ವೇಳೆ ಹಿಂಬಾಗಿಲನ್ನು (ಗುಟ್ಟಾಗಿ ಒಳನುಗ್ಗಲು ಇಟ್ಟ ದಾರಿಯನ್ನು) ಎಬ್ಬಿಸುತ್ತಿತ್ತು, ಮತ್ತು ಆ ಹಿಂಬಾಗಿಲಿನ ತಿರುಳು ಪರೀಕ್ಷಾ ಕಡತಗಳ ವೇಷದಲ್ಲಿತ್ತು. ಆದ್ದರಿಂದ ಪ್ರತಿ ಆರ್ಕೈವನ್ನೂ ಅದರದೇ ಗಿಟ್ ಟ್ಯಾಗ್‌ನೊಂದಿಗೆ ಹೋಲಿಸಿ ನೋಡುವುದು ಒಳ್ಳೆಯದು. ಆರ್ಕೈವ್‌ಗಳನ್ನು ಬೆರೆಸದೆ ಬಿಡಿಯಾಗಿ ಉಳಿಸಿಕೊಂಡಿದ್ದರೆ ಮಾತ್ರ ಈ ಹೋಲಿಕೆ ಸಾಧ್ಯ.

ಲೈಸೆನ್ಸ್ ವಿವರಗಳನ್ನು ಹೇಗೆ ಬರೆಯುವುದು?

ಪ್ರತಿ ಆರ್ಕೈವ್‌ನ ಲೈಸೆನ್ಸ್ ಕಡತವನ್ನು ಪ್ರತ್ಯೇಕವಾಗಿ ಓದಿ. ಕೋಡ್ ಜಿಪಿಎಲ್ ಆಗಿದ್ದು, ಸಹಾಯ ಪುಟಗಳು ಕ್ರಿಯೇಟಿವ್ ಕಾಮನ್ಸ್ ಆಗಿದ್ದು, ಡೇಟಾ ಅಪಾಚೆ ಆಗಿರುವುದು ಅಸಹಜವೇನಲ್ಲ. ಡೆಬಿಯನ್‌ನಲ್ಲಿ ಪ್ರತಿ ಭಾಗದ ಡೈರೆಕ್ಟರಿಗೂ ಒಂದು ಪ್ಯಾರಾ, ಆರ್‌ಪಿಎಂನಲ್ಲಿ ಲೈಸೆನ್ಸ್ ಸಾಲಿನಲ್ಲಿ ಎಲ್ಲವನ್ನೂ ‘ಆ್ಯಂಡ್’ ಎಂದು ಸೇರಿಸಿ ಬರೆಯಬೇಕು. ಡೇಟಾ ಆರ್ಕೈವ್‌ನಲ್ಲಿ ಲೈಸೆನ್ಸ್ ಕಡತವೇ ಇಲ್ಲದಿದ್ದರೆ ಅಭಿವರ್ಧಕರಿಗೆ ಬರೆದು ಕೇಳಿ. ಕೋಡ್‌ನ ಲೈಸೆನ್ಸ್ ಅದಕ್ಕೂ ಅನ್ವಯಿಸುತ್ತದೆ ಎಂದು ಊಹಿಸಬೇಡಿ.

ಭಾಗದೊಳಗಿನ ಕಡತಕ್ಕೆ ಪ್ಯಾಚ್ ಹಾಕಬಹುದೇ?

ಹಾಕಬಹುದು. ಪ್ಯಾಚ್‌ನಲ್ಲಿನ ದಾರಿ ಮುಖ್ಯ ಡೈರೆಕ್ಟರಿಯಿಂದ ಶುರುವಾಗಬೇಕು ಎಂಬುದಷ್ಟೇ ನಿಯಮ. ಒಂದೇ ಪ್ಯಾಚ್‌ನಲ್ಲಿ ಎರಡು ಭಾಗಗಳನ್ನು ಮುಟ್ಟಬೇಡಿ. ಅವನ್ನು ಕಳಿಸಬೇಕಾದ ಅಭಿವರ್ಧಕರು ಬೇರೆ ಬೇರೆ ಇರುತ್ತಾರೆ.

ಬೇರೆಯವರಿಗೆ ಕೊಡುವ ಮೊದಲು ಏನನ್ನು ಪರೀಕ್ಷಿಸಬೇಕು?

ನಿಮ್ಮ ಕಂಪ್ಯೂಟರಿನಲ್ಲಿ ಕಟ್ಟಿದ ಮಾತ್ರಕ್ಕೆ ಸರಿಯಾಗಿದೆ ಎನ್ನಲಾಗದು, ಅಲ್ಲಿ ಹಳೆಯ ಪ್ರಯತ್ನಗಳ ಕಡತಗಳು ಉಳಿದಿರುತ್ತವೆ. ಡೆಬಿಯನ್‌ನಲ್ಲಿ ಎಸ್‌ಬಿಲ್ಡ್ ಅಥವಾ ಪಿಬಿಲ್ಡರ್, ಫೆಡೋರಾದಲ್ಲಿ ಮಾಕ್ ಬಳಸಿ ಖಾಲಿ ವಾತಾವರಣದಲ್ಲಿ ಕಟ್ಟಿ. ಡೆಬಿಯನ್ ಬಳಸುವವರು ಸೋರ್ಸ್ ಪ್ಯಾಕೇಜಿನ ವಿವರಪಟ್ಟಿಯಾದ ಡಿಎಸ್‌ಸಿ ಕಡತವನ್ನು ತೆರೆದು, ಅದರ ಚೆಕ್‌ಸಮ್ ಪಟ್ಟಿಯಲ್ಲಿ ಮೂರೂ ಮೂಲ ಆರ್ಕೈವ್‌ಗಳ ಹೆಸರು ಇದೆಯೇ ಎಂದು ನೋಡಬೇಕು. ಆಮೇಲೆ ಆ ಡಿಎಸ್‌ಸಿ ಮತ್ತು ಅದರಲ್ಲಿ ಹೆಸರಿಸಿದ ಕಡತಗಳನ್ನು ಮಾತ್ರ ಹೊಸ ಡೈರೆಕ್ಟರಿಗೆ ನಕಲು ಮಾಡಿ, ನೆಟ್ ಸಂಪರ್ಕ ತೆಗೆದು, ಅಲ್ಲಿಂದಲೇ ಬಿಚ್ಚಿ ಕಟ್ಟಿ ನೋಡಿ. ಲ್ಯಾಬ್‌ನಲ್ಲಿ ಹತ್ತಾರು ಕಂಪ್ಯೂಟರುಗಳಿದ್ದರೆ ಬಿಲ್ಡ್‌ಗೆ ಬೇಕಾದ ಉಳಿದ ಪ್ಯಾಕೇಜುಗಳನ್ನು ಪ್ರತಿ ಸಲ ಹೊರಗಿನಿಂದ ತರಿಸುವ ಬದಲು ಒಂದರಲ್ಲಿ ಆ್ಯಪ್ಟ್-ಕ್ಯಾಚರ್-ಎನ್‌ಜಿ ಹಾಕಿಕೊಳ್ಳಿ. ಮೊದಲ ಸಲ ಇಳಿದದ್ದನ್ನು ಅದು ಇಟ್ಟುಕೊಂಡು ಉಳಿದವಕ್ಕೆ ತಾನೇ ಕೊಡುತ್ತದೆ.